ಎ.ಸಿ. ನೀರಿನ ಬಸಳೆ

ನನ್ನ ನೌಕರಿ ಒಂದು ಕಾಲದಲ್ಲಿ ಬಸಳೆ ಬಳ್ಳಿಯನ್ನು ನಂಬಿಕೊಂಡಿತ್ತು ಎಂದರೆ ಕೇಳಿದವರು ನಗುತ್ತಾರೆ. ನಗಲಿ. ಒಂದು ಜೀವಿ ಇನ್ನೊಂದನ್ನು ಹೇಗೆ ಅವಲಂಬಿಸಿ ಬದುಕುತ್ತದೆ ಎಂಬ ಪಾಠವನ್ನು ವರ್ಷಗಟ್ಟಲೆ ಮಾಡಿದವಳು ನಾನು. ಹುಲ್ಲು, ಜಿಂಕೆ, ಹುಲಿ ಎಂದು ಬೋರ್ಡಿನ ಮೇಲೆ ಬಾಣ ಎಳೆದು ಎಳೆದು ಎಷ್ಟು ಸೀಮೆಸುಣ್ಣ ತೇಯ್ದಿದ್ದೇನೋ ಲೆಕ್ಕವಿಲ್ಲ. ಆ ಬಾಣಗಳು ನಿಜಕ್ಕೂ ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟುತ್ತವೆ ಎಂಬುದು ನನಗೆ ಅರ್ಥವಾದದ್ದು ಕತಾರಿನಲ್ಲಿ, ದೋಹಾ ಅಲ್ ಜದೀದಾ ಬಡಾವಣೆಯ ನಮ್ಮ ಬಾಡಿಗೆ ಮನೆಯ ಹಿಂದಿನ ಗೋಡೆಯ ಬುಡದಲ್ಲಿ.

ತೊಂಬತ್ತರ ದಶಕದ ನಡುವಿನ ಮಾತು. ಒಂದು ಹಳೆಯ ವಿಲ್ಲಾವನ್ನು ಅಡ್ಡಗೋಡೆ ಹಾಕಿ ಎರಡು ಮಾಡಿದ್ದರು. ಮುಂದಿನ ಭಾಗದಲ್ಲಿ ಉಳ್ಳಾಲದ ಕಡೆಯ ಬ್ಯಾರಿ ಕುಟುಂಬ. ಮನೆಯ ಯಜಮಾನರು ಬಟ್ಟೆ ವ್ಯಾಪಾರಕ್ಕೆಂದು ಬಂದು ಅಲ್ಲೇ ಬೇರುಬಿಟ್ಟವರು. ಹಿಂದಿನ ಭಾಗದಲ್ಲಿ ನಾವು. ಗಂಡನಿಗೆ ಆಫೀಸು, ನನಗೆ ಭಾರತೀಯ ಶಾಲೆಯೊಂದರಲ್ಲಿ ಜೀವಶಾಸ್ತ್ರದ ಟೀಚರ್ ಕೆಲಸ. ಮಗಳು ಹುಟ್ಟಿ ಇನ್ನೂ ವರ್ಷ ತುಂಬಿರಲಿಲ್ಲ, ನನ್ನ ರಜೆ ಮುಗಿದುಹೋಯಿತು. ಮಗುವನ್ನು ನೋಡಿಕೊಳ್ಳಲು ನಮಗೆ ಬೇರೆ ಯಾರೂ ಇರಲಿಲ್ಲ. ಹಾಗಾಗಿ ಊರಿನಿಂದ ಅತ್ತೆಯನ್ನು ಕರೆಸಿಕೊಂಡೆವು. ಅವರು ಇದ್ದರೆ ನನ್ನ ಕೆಲಸ ಉಂಟು, ಅವರು ಹೊರಟರೆ ಕೆಲಸವೂ ಹೊರಟಿತು. ಇದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಅತ್ತೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನನಗೆ ಆ ಕೆಲಸ ಬೇಕಿತ್ತು. ಅದನ್ನು ಈಗಲೂ ಗಟ್ಟಿಯಾಗಿಯೇ ಹೇಳುತ್ತೇನೆ. ತರಗತಿಯ ಬಾಗಿಲು ದಾಟಿ ಒಳಗೆ ಹೋದರೆ ನಾನು ಯಾರ ಹೆಂಡತಿಯೂ ಅಲ್ಲ, ಯಾರ ಸೊಸೆಯೂ ಅಲ್ಲ. ಮೂವತ್ತು ಚಿಲ್ಲರೆ ಮಕ್ಕಳು ಬಾಯಿ ಮುಚ್ಚಿ ಕೇಳುವ ಟೀಚರ್. ಆ ಖುಷಿಯನ್ನು ಬಿಟ್ಟು ನಾಲ್ಕು ಗೋಡೆಯ ಮಧ್ಯೆ ಕುಳಿತುಕೊಳ್ಳುವ ತಾಳ್ಮೆ ನನ್ನ ಜಾಯಮಾನದಲ್ಲೇ ಇಲ್ಲ.

ಅತ್ತೆ ಬಂಟ್ವಾಳದ ಕಡೆಯವರು, ಮನೆಮಾತು ತುಳು. ನಾನು ಕುಂದಾಪುರದ ಕಡೆಯವಳು, ನಮ್ಮ ಮನೆಯಲ್ಲಿ ಕನ್ನಡ. ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ನನ್ನ ತುಳು ಕೇಳಿ ಅತ್ತೆಗೆ ನಗು ತಡೆಯಲಾಗುತ್ತಿರಲಿಲ್ಲ. ಆದ್ದರಿಂದ ನನ್ನೊಡನೆ ಅವರು ಮಂಗಳೂರು ಕನ್ನಡದಲ್ಲೇ ವ್ಯವಹರಿಸುತ್ತಿದ್ದರು. ಎತ್ತರದ ಆಳು, ದೊಡ್ಡ ದನಿ, ಕೂತಲ್ಲಿ ಕೂರುವವರಲ್ಲ. ಊರಿನಲ್ಲಿ ಬೆಳಗಾದರೆ ಹಟ್ಟಿ, ತೋಟ, ಗದ್ದೆ ಎಂದು ಓಡಾಡುತ್ತಿದ್ದವರಿಗೆ ದೋಹಾದ ಮನೆ ಎಂದರೆ ನೆಲ ಒರೆಸಿ ಮುಗಿಸಿದರೆ ಮತ್ತೆ ಒರೆಸಲು ಇನ್ನೊಂದು ನೆಲ ಇಲ್ಲ ಎಂಬಂತಾಗಿತ್ತು. ಮೊಮ್ಮಗಳು ಎಂದರೆ ಜೀವ. ಆದರೆ ಮಗು ಮಲಗಿದ ಹೊತ್ತಿನಲ್ಲಿ ಅವರು ಕಿಟಕಿಯ ಹತ್ತಿರ ಕುಳಿತು ಎದುರಿನ ಬೂದುಗೋಡೆಯನ್ನು ನೋಡುತ್ತಿದ್ದರು.

ಫೆಬ್ರವರಿಯಲ್ಲಿ ಬಂದಿಳಿದಾಗ ಅವರ ಪೆಟ್ಟಿಗೆಯಲ್ಲಿ ಕುಚ್ಚಲಕ್ಕಿ, ಹಪ್ಪಳ, ಒಣಮೀನಿನ ಜೊತೆಗೆ ಇನ್ನೆರಡು ವಸ್ತುಗಳಿದ್ದವು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಸಳೆ ದಂಟಿನ ನಾಲ್ಕಾರು ತುಂಡುಗಳು ಒಂದು. ಹಾಲಿನ ಪುಡಿಯ ಹಳೆಯ ಡಬ್ಬಿಯಲ್ಲಿ ತುಂಬಿದ, ಮನೆಯ ಹಿಂದಿನ ದಿಬ್ಬದ ದರೆಯಿಂದ ಕೆರೆದ ಕೆಂಪು ಮಣ್ಣು ಇನ್ನೊಂದು. ವಿಮಾನ ನಿಲ್ದಾಣದಲ್ಲಿ ಯಾರೂ ಏನೂ ಕೇಳಲಿಲ್ಲವಂತೆ. ಕೇಳಿದ್ದರೆ ಮರಳಿನ ಊರಿಗೆ ಮಣ್ಣು ತಂದದ್ದು ತಪ್ಪಾ ಎಂದು ಜಗಳಕ್ಕೆ ನಿಲ್ಲುವ ತಯಾರಿಯಲ್ಲಿದ್ದರು.

ನಮ್ಮ ಮಲಗುವ ಕೋಣೆಯ ಹೊರಗೆ ಗೋಡೆಗೂ ಕಾಂಪೌಂಡಿಗೂ ನಡುವೆ ಒಂದು ಅಗಲ ಕಡಿಮೆಯ ಮಣ್ಣಿನ ಪಟ್ಟಿ ಇತ್ತು. ಬೆಳಿಗ್ಗೆ ಸ್ವಲ್ಪ ಹೊತ್ತು ಬಿಸಿಲು, ಆಮೇಲೆ ದಿನವಿಡೀ ಗೋಡೆಯ ನೆರಳು. ಮೇಲೆ ಕಿಟಕಿಯ ಎ.ಸಿ. ಹಿಂದಿನ ಬೇಸಿಗೆಯಲ್ಲಿ ಎ.ಸಿ. ನೀರು ತೊಟ್ಟಿಕ್ಕುತ್ತಿದ್ದ ಜಾಗದಲ್ಲಿ ಮಾತ್ರ ಒಂದು ತಟ್ಟೆಯಷ್ಟು ಹುಲ್ಲು ಎದ್ದಿದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಅದನ್ನು ಅತ್ತೆಗೆ ತೋರಿಸಿದೆ. ಅವರು ಬಗ್ಗಿ ಮಣ್ಣು ಕೈಗೆತ್ತಿ ನೋಡಿದರು. ಸಂಜೆಯೊಳಗೆ ಗುಂಡಿ ತೋಡಿ, ತಂದ ಕೆಂಪು ಮಣ್ಣಿನಲ್ಲಿ ಅರ್ಧ ಹಾಕಿ, ದಂಟು ಊರಿಬಿಟ್ಟರು. ಬಾಕಿ ಅರ್ಧ ಡಬ್ಬಿಯನ್ನು ಬೇಕಾದೀತೆಂದು ಅಡುಗೆಮನೆಯ ಕಪಾಟಿನಲ್ಲಿ ಇಟ್ಟರು. ದಂಟು ಚಿಗುರಿತು. ಎಲೆ ಬಿಟ್ಟಿತು. ನನ್ನ ಗಂಡ ಎಲ್ಲಿಂದಲೋ ಕಬ್ಬಿಣದ ಸರಳು ತಂದು ಚಪ್ಪರ ಹಾಕಿಕೊಟ್ಟರು, ಬಳ್ಳಿ ಇನ್ನೂ ಮೊಣಕಾಲಿನಷ್ಟೂ ಎದ್ದಿರದಿದ್ದರೂ.

ಏಪ್ರಿಲ್ ಬಂತು, ಸೆಕೆ ಬಂತು, ಜಗಳವೂ ಬಂತು. ಅತ್ತೆಗೆ ಎ.ಸಿ. ಗಾಳಿ ಕಂಡರಾಗದು. ಗಂಟು ಹಿಡಿಯುತ್ತದೆ, ಮೂಗು ಕಟ್ಟುತ್ತದೆ, ಹೆಣ ಇಡುವ ಕೋಣೆಯ ಹಾಗಾಗುತ್ತದೆ ಎಂದು ನಾವಿಬ್ಬರೂ ಹೊರಗೆ ಹೋದ ಕೂಡಲೇ ಬಂದ್ ಮಾಡುತ್ತಿದ್ದರು. ಮಧ್ಯಾಹ್ನ ನಾನು ಬಂದು ನೋಡಿದರೆ ಮಗುವಿನ ಕುತ್ತಿಗೆಯ ತುಂಬ ಬೆವರುಸಾಲೆ. ನಾನು ಸಿಡುಕಿದೆ, ಅವರೂ ಬಿಡಲಿಲ್ಲ. ಆ ಸಂಜೆಯೇ ಅವರು ತಮ್ಮ ತೀರ್ಮಾನ ಹೇಳಿದರು. ಜೂನ್ ಕೊನೆಯಲ್ಲಿ ಶಾಲೆಗಳಿಗೆ ರಜೆ ಬಿಟ್ಟ ಕೂಡಲೇ ಪಕ್ಕದ ಮನೆಯ ಬ್ಯಾರಿ ಕುಟುಂಬದವರು ಊರಿಗೆ ಹೊರಡುತ್ತಾರಲ್ಲ, ಅವರ ಜೊತೆ ತಾವೂ ಹೋಗುವುದು.

"ಬಸಳೆ ಬದುಕದ ಊರಲ್ಲಿ ನಾನು ಬದುಕುದಿಲ್ಲ. ಅಷ್ಟರೊಳಗೆ ಬಳ್ಳಿ ಚಪ್ಪರಕ್ಕೆ ಹತ್ತಿ ಒಂದು ಪದಾರ್ಥಕ್ಕೆ ಆದ್ರೆ ಇರ್ತೇನೆ. ಇಲ್ಲದಿದ್ರೆ ಖಲಾಸ್."

ಪದಾರ್ಥ ಎಂದರೆ ನಮ್ಮ ಕಡೆ ಅನ್ನಕ್ಕೆ ಕಲಸುವ ಸಾರು. ಬಂದು ಎರಡೇ ತಿಂಗಳಿಗೆ ಅವರು ಕಲಿತ ಅರಬ್ಬಿ ಪದ ಖಲಾಸ್ ಒಂದೇ, ಅದನ್ನು ಹೀಗೆ ನನ್ನ ಮೇಲೆಯೇ ಪ್ರಯೋಗಿಸಿದರು. ನನಗೆ ಸಿಟ್ಟು ಬಂದರೂ ಒಳಗೊಳಗೆ ಗೆದ್ದೆ ಎಂದುಕೊಂಡೆ. ಜೀವಶಾಸ್ತ್ರದ ಟೀಚರಿಗೆ ಬಸಳೆ ಬೆಳೆಸುವುದೊಂದು ಸವಾಲೇ? ಅತ್ತೆಯ ಕೈಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿ, ಎ.ಸಿ. ಓಡಿದರೆ ಮಾತ್ರ ನೀರು ತೊಟ್ಟಿಕ್ಕುವುದು, ಆ ನೀರು ಮಳೆನೀರಿನಷ್ಟೇ ಶುದ್ಧ, ಉಪ್ಪಿನ ಸೋಂಕೂ ಇಲ್ಲ, ಬಸಳೆಗೆ ಇದಕ್ಕಿಂತ ಒಳ್ಳೆಯದು ಈ ಊರಿನಲ್ಲಿ ಸಿಗದು ಎಂದು ವಿವರಿಸಿದೆ. ದೋಹಾದಲ್ಲಿ ಸೆಕೆ ಹೆಚ್ಚಿದಷ್ಟೂ ಗಾಳಿಯಲ್ಲಿ ಸಮುದ್ರದ ಪಸೆ ಹೆಚ್ಚುತ್ತದೆ, ಗಾಳಿಯಲ್ಲಿ ಪಸೆ ಹೆಚ್ಚಿದಷ್ಟೂ ಎ.ಸಿ. ಹೆಚ್ಚು ನೀರು ಸುರಿಸುತ್ತದೆ. ನಮ್ಮೂರಿನ ಮಳೆಗಾಲ ಆಕಾಶದಿಂದ ಬರುತ್ತದೆ, ಇಲ್ಲಿನದು ಕಿಟಕಿಯಿಂದ ಬರುತ್ತದೆ ಎಂದೆ. ಅತ್ತೆ ತೊಟ್ಟಿಕ್ಕುವ ನೀರಿಗೆ ಕೈಯೊಡ್ಡಿ ಬಾಯಿಗೆ ಹಾಕಿ ನೋಡಿದರು. ಮರುದಿನದಿಂದ ಎ.ಸಿ. ಬಂದ್ ಆಗಲಿಲ್ಲ. ಗಂಟು ನೋವಿಗೆ ಎಣ್ಣೆ ಹಚ್ಚಿಕೊಂಡು ಕುಳಿತರೇ ಹೊರತು ಗುಂಡಿ ತಿರುಗಿಸಲಿಲ್ಲ. ಮಗುವಿನ ಬೆವರುಸಾಲೆ ಇಳಿಯಿತು. ಮೊಮ್ಮಗಳಿಗಾಗಿ ಮಾಡದ್ದನ್ನು ಬಸಳೆಗಾಗಿ ಮಾಡಿದಿರಲ್ಲ ಎಂದು ನಾನು ಚುಚ್ಚಿದರೆ, ಮಗು ಅತ್ತು ಹೇಳುತ್ತದೆ, ಬಸಳೆ ಹೇಳುತ್ತದಾ ಎಂದು ಕೇಳಿದರು.

ಆ ಪಟ್ಟಿಯಲ್ಲಿ ಅಷ್ಟರಲ್ಲಿ ಒಂದು ಸಂಸಾರವೇ ಸೇರಿತ್ತು. ನೀರು ಕುಡಿಯಲು ಗುಬ್ಬಚ್ಚಿಗಳು ಬಂದವು. ಬುಡದಲ್ಲಿ ಇರುವೆ ಗೂಡು ಕಟ್ಟಿತು. ಸಂಜೆ ದೀಪ ಹಾಕಿದರೆ ಹುಳ, ಹುಳಕ್ಕೆ ಹಲ್ಲಿ. ಅತ್ತೆ ಊರಿನ ಅಭ್ಯಾಸದಂತೆ ಮೀನು ತೊಳೆದ ನೀರನ್ನು ಬಳ್ಳಿಯ ಬುಡಕ್ಕೆ ಎರೆದಾಗಲೆಲ್ಲ ಕಾಂಪೌಂಡಿನ ಮೇಲೆ ಒಂದು ಕಂದು ಬೆಕ್ಕು ಹಾಜರು. ನಾನು ಇದನ್ನೇ ತರಗತಿಗೆ ಹೊತ್ತುಕೊಂಡು ಹೋದೆ. ಪುಸ್ತಕದಲ್ಲಿ ಕಾಡು, ಕೆರೆ, ಹುಲಿ ಇದ್ದವು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಕೆರೆಯನ್ನೇ ನೋಡಿದವರಲ್ಲ. ನಿಮ್ಮ ನಿಮ್ಮ ಕಟ್ಟಡದ ಎ.ಸಿ. ಕೆಳಗೆ ಏನೇನು ಬದುಕುತ್ತದೆ ನೋಡಿಕೊಂಡು ಬನ್ನಿ ಎಂದೆ. ಮಾರನೆಯ ದಿನ ತರಗತಿ ಸಂತೆಯಾಯಿತು. ಒಬ್ಬಳು ಪಾರಿವಾಳ ಗೂಡು ಕಟ್ಟಿದ್ದನ್ನು ಕಂಡಿದ್ದಳು, ಇನ್ನೊಬ್ಬ ಪಾಚಿ ಕೆರೆದು ತಂದಿದ್ದ. ಬೋರ್ಡಿನ ಮೇಲೆ ಹುಲಿಯನ್ನು ಒರೆಸಿ ಬೆಕ್ಕನ್ನು ಬರೆದೆ. ಆ ವರ್ಷ ಆ ಪಾಠವನ್ನು ಯಾರೂ ಕಂಠಪಾಠ ಮಾಡಲಿಲ್ಲ. ಅದರ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ.

ಮೇ ತಿಂಗಳಲ್ಲಿ ಬಸಳೆ ಹಳದಿಯಾಗತೊಡಗಿತು.

ಹಳೆಯ ಎಲೆಗಳಲ್ಲ, ತುದಿಯ ಎಳೆ ಎಲೆಗಳು. ಎಲೆ ಬೆಳ್ಳಗೆ ಹಳದಿ, ನರ ಮಾತ್ರ ಹಸಿರು. ಬಳ್ಳಿ ಚಪ್ಪರಕ್ಕೆ ಮೊಳದಷ್ಟು ಕೆಳಗೆ ನಿಂತೇಬಿಟ್ಟಿತು. ಅತ್ತೆ ಒಂದು ನೋಟ ನೋಡಿ, ಬೂದಿ ಸಾಲಲಿಲ್ಲ ಎಂದರು. ನಾನೂ ಹೌದು ಎಂದೆ. ನಮ್ಮ ಕರಾವಳಿಯಲ್ಲಿ ಹುಟ್ಟಿದವರಿಗೆ ಇದರಲ್ಲಿ ಎರಡನೆಯ ಮಾತೇ ಇಲ್ಲ. ಗಿಡ ಸೊರಗಿತೇ, ಬೂದಿ ಹಾಕು. ಬಸಳೆಗೆ, ಹಾಗಲಕ್ಕೆ, ತೆಂಗಿಗೆ, ಎಲ್ಲಕ್ಕೂ ಒಲೆಯ ಬೂದಿ ಇಲ್ಲವೇ ತರಗೆಲೆಯ ಜೊತೆ ಮಣ್ಣನ್ನೇ ಸುಟ್ಟು ಮಾಡಿದ ಸುಡುಮಣ್ಣು. ನನ್ನ ತವರಿನಲ್ಲೂ ಬಚ್ಚಲೊಲೆಯ ಬೂದಿ ನೇರ ಬಸಳೆ ಬುಡಕ್ಕೇ ಹೋಗುತ್ತಿತ್ತು. ದೋಹಾದಲ್ಲಿ ಒಲೆಯೆಲ್ಲಿ? ಆದರೆ ಪಕ್ಕದ ಮನೆಯವರು ಶುಕ್ರವಾರಗಳಲ್ಲಿ ಅಂಗಳದಲ್ಲಿ ಇದ್ದಿಲ ಮೇಲೆ ಕೋಳಿ ಸುಡುತ್ತಿದ್ದರು. ಅತ್ತೆ ಅಡ್ಡಗೋಡೆಯ ಈಚೆಯಿಂದಲೇ ತುಳುವಿನಲ್ಲಿ ಮಾತಾಡಿಸಿ ಬಕೆಟ್ ತುಂಬ ಬೂದಿ ತರಿಸಿಕೊಂಡರು. ನಾನೇ ನನ್ನ ಕೈಯಾರೆ ಬುಡಕ್ಕೆ ಹರಡಿ ನೀರು ಹೊಯ್ದೆ.

ಎಲೆ ಇನ್ನಷ್ಟು ಬಿಳುಚಿತು. ಮುಂದಿನ ಶುಕ್ರವಾರ ಇನ್ನಷ್ಟು ಬೂದಿ. ಎಲೆಯ ಅಂಚು ಕರಟಿತು. ಜೂನ್ ಹತ್ತಿರವಾಗುತ್ತಿತ್ತು. ಪಕ್ಕದ ಮನೆಯಾಕೆ ಟಿಕೆಟ್ ಮಾಡಿಸುವ ಮೊದಲು ಅತ್ತೆಯದ್ದೂ ಸೇರಿಸಬೇಕಾ ಎಂದು ಕೇಳಿದರು. ಅತ್ತೆ ಸೇರಿಸಿ ಎಂದುಬಿಟ್ಟರು. ನಾನು ಒಳಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದೆ. ಶಾಲೆಯಲ್ಲಿ ಏನು ಹೇಳುವುದು, ಹೇಗೆ ಹೇಳುವುದು ಎಂದು ಮನಸ್ಸಿನಲ್ಲೇ ವಾಕ್ಯ ಜೋಡಿಸತೊಡಗಿದೆ. ಗಂಡ ಸಮಾಧಾನಕ್ಕೆಂದು ಮಗು ದೊಡ್ಡದಾದ ಮೇಲೆ ಮತ್ತೆ ಕೆಲಸ ಸಿಗುತ್ತದಲ್ಲ ಎಂದರು. ಆಗ ಅವರ ಜೊತೆ ಎರಡು ದಿನ ಮಾತು ಬಿಟ್ಟೆ.

ಆ ವಾರವೇ ತರಗತಿಯಲ್ಲಿ ಮಣ್ಣಿನ ಪಾಠ. ಪ್ರತಿವರ್ಷ ಮಾಡುವಂತೆ ಅಂಗಳದಿಂದ ಒಂದು ಹಿಡಿ ಮಣ್ಣು ತರಿಸಿ ಗಾಜಿನ ಬಟ್ಟಲಿನಲ್ಲಿ ಹಾಕಿ ಅದರ ಮೇಲೆ ನೀರು ಬೆರೆಸಿದ ಆಮ್ಲದ ಎರಡು ಹನಿ ಬಿಟ್ಟೆ. ಬುಸ್ ಎಂದು ನೊರೆ ಎದ್ದಿತು. ಮಕ್ಕಳು ಸೋಡಾ ಸೋಡಾ ಎಂದು ಕೂಗಿದರು. ಈ ದೇಶದ ನೆಲವೆಲ್ಲ ಸುಣ್ಣಕಲ್ಲು, ಚಿಪ್ಪಿನ ಪುಡಿ. ಸುಣ್ಣದ ಮೇಲೆ ಹುಳಿ ಬಿದ್ದರೆ ಹೀಗೆ ನೊರೆ ಬರುತ್ತದೆ ಎಂದು ಇಂಗ್ಲಿಷಿನಲ್ಲಿ ಸರಾಗವಾಗಿ ಹೇಳಿಕೊಂಡು ಹೋದೆ. ಮಳೆ ಹೆಚ್ಚು ಬೀಳುವ ಕಡೆ ನೀರು ಮಣ್ಣಿನ ಸುಣ್ಣವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ, ಅಲ್ಲಿ ಹುಳಿ ಮಣ್ಣು ಉಳಿಯುತ್ತದೆ ಎಂದೆ. ಅಂಥಲ್ಲಿ ರೈತರು ಹುಳಿ ಮುರಿಯಲು ಮಣ್ಣಿಗೆ ಸುಣ್ಣ ಹಾಕುತ್ತಾರೆ, ಬೂದಿ ಹಾಕುತ್ತಾರೆ ಎನ್ನುವಲ್ಲಿಗೆ ಬಂದು ನನ್ನ ಬಾಯಿ ನಿಂತುಹೋಯಿತು.

ಮಕ್ಕಳು ಕಾದರು. ನಾನು ಬಟ್ಟಲನ್ನೇ ನೋಡುತ್ತಿದ್ದೆ. ನಮ್ಮೂರಿನ ಬೂದಿ ನಮ್ಮೂರಿನ ಮಳೆಗೆ ಉತ್ತರ. ಮಳೆಯೇ ಬೀಳದ, ಸುಣ್ಣ ಇದ್ದಲ್ಲೇ ಕೂತಿರುವ ನೆಲಕ್ಕೆ ನಾವು ಅತ್ತೆ ಸೊಸೆ ಬಕೆಟ್ಟುಗಟ್ಟಲೆ ಬೂದಿ ಹೊಯ್ದು ಸುಣ್ಣದ ಕಾಟವನ್ನು ಇಮ್ಮಡಿ ಮಾಡಿದ್ದೆವು. ಗಿಡಕ್ಕೆ ಹಸಿರು ಕಟ್ಟಲು ಕಬ್ಬಿಣ ಬೇಕು. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಇದೆ. ಸುಣ್ಣ ಜಾಸ್ತಿಯಾದರೆ ಅದು ಬೇರಿಗೆ ಸಿಗದ ಹಾಗೆ ಗಟ್ಟಿಯಾಗಿ ಕೂತುಬಿಡುತ್ತದೆ. ನೀರು, ನೆರಳು, ಗೊಬ್ಬರ ಎಲ್ಲ ಕೊಟ್ಟರೂ ಬಳ್ಳಿ ಸೊರಗಿದ್ದು ಆ ಒಂದರ ಕೊರತೆಯಿಂದ. ಜೀವಿಗೆ ಬೇಕಾದ್ದೆಲ್ಲ ಇದ್ದು ಒಂದೇ ಒಂದು ಇಲ್ಲದಿದ್ದರೂ ಆ ಒಂದೇ ಅದರ ಬೆಳವಣಿಗೆಯನ್ನು ತಡೆದು ನಿಲ್ಲಿಸುತ್ತದೆ ಎಂದು ನಾನೇ ಹಿಂದಿನ ವಾರ ಪಾಠ ಮಾಡಿದ್ದೆ. ಸುಣ್ಣ ತುಂಬಿದ ಕಪ್ಪು ಮಣ್ಣಿನ ಕಡೆಯವರಾಗಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ. ಇದು ಪಕ್ಕಾ ನಮ್ಮ ಕೆಂಪು ಮಣ್ಣಿನವರ ತಪ್ಪು. ಕೊನೆಯ ಗಂಟೆ ಹೊಡೆಯುವವರೆಗೆ ಹೇಗೆ ಕಳೆದೆನೋ, ನನಗೇ ಗೊತ್ತಿಲ್ಲ. ಆದರೆ ಬೇಸರವಲ್ಲ, ಉತ್ಸಾಹ. ಕಾರಣ ಸಿಕ್ಕಿದ ಮೇಲೆ ನನ್ನನ್ನು ಹಿಡಿಯುವವರಿಲ್ಲ.

ಮನೆಗೆ ಬಂದವಳೇ ಅತ್ತೆಯನ್ನು ಅಡುಗೆಮನೆಗೆ ಕರೆದೆ. ಬೂದಿ ತಪ್ಪು ಎಂದು ಬಾಯಿಮಾತಿನಲ್ಲಿ ಹೇಳಿದ್ದರೆ ಅವರು ನನ್ನನ್ನು ಹಿತ್ತಲಿಗಟ್ಟುತ್ತಿದ್ದರು. ಅವರ ಅಜ್ಜಿಯ ಕಾಲದ ಬೂದಿ ಅದು. ಹಾಗಾಗಿ ಎರಡು ತಟ್ಟೆ ಇಟ್ಟೆ. ಒಂದರಲ್ಲಿ ಕಾಂಪೌಂಡಿನಾಚೆಯ, ಬೂದಿ ಸೋಕದ ದೋಹಾದ ಮಣ್ಣು. ಇನ್ನೊಂದರಲ್ಲಿ ಹಾಲಿನ ಪುಡಿಯ ಡಬ್ಬಿಯಲ್ಲಿ ಉಳಿದಿದ್ದ ಊರಿನ ಕೆಂಪು ಮಣ್ಣು. ಎರಡರ ಮೇಲೂ ವಿನೆಗರ್ ಹೊಯ್ದೆ. ಕೆಂಪು ಮಣ್ಣು ಸುಮ್ಮನೆ ಕುಡಿದುಕೊಂಡಿತು. ದೋಹಾದ ಮಣ್ಣು ನೊರೆ ಉಗುಳಿತು.

ಅತ್ತೆ ಬಗ್ಗಿ ನೋಡಿದರು. ಬೆರಳಿನಲ್ಲಿ ಆ ನೊರೆ ಮುಟ್ಟಿ ಉಜ್ಜಿದರು. ಅವರು ವೀಳ್ಯದೆಲೆ ಹಾಕುವವರು, ಸೊಂಟದಲ್ಲಿ ಸುಣ್ಣದ ಕರಡಿಗೆ ಯಾವಾಗಲೂ ಇರುತ್ತಿತ್ತು. ಅದನ್ನು ತೆರೆದು ಒಂದು ಚೂರು ಸುಣ್ಣವನ್ನು ತಟ್ಟೆಯ ಅಂಚಿಗೆ ಹಚ್ಚಿ ತಾವೇ ಅದರ ಮೇಲೆ ವಿನೆಗರ್ ಬಿಟ್ಟರು. ಹಳೆಯ ಸುಣ್ಣ, ಅದೂ ಸಣ್ಣಗೆ ನೊರೆ ಬಿಟ್ಟಿತು.

"ಇದು ಮಣ್ಣಲ್ಲ ಮಾರಾಯ್ತಿ, ಸುಣ್ಣ. ಸುಣ್ಣದ ಮೇಲೆ ನಾವು ಬೂದಿ ಹಾಕಿದ್ದಾ?"

ಹೌದು ಎಂದೆ. ಇಬ್ಬರೂ ಸೇರಿ ಹಾಕಿದ್ದು ಎಂದೆ. ಅತ್ತೆ ಕರಡಿಗೆ ಮುಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ವೀಳ್ಯದೆಲೆಗೆ ಸುಣ್ಣ ಹೆಚ್ಚಾಗಿ ಬಾಯಿ ಸುಟ್ಟರೆ ಅವರು ಮಾಡುವುದೇನು? ಒಂದು ಗುಟುಕು ಮಜ್ಜಿಗೆ ಬಾಯಿಯಲ್ಲಿ ಇಟ್ಟುಕೊಳ್ಳುವುದು. ಊರಿನಲ್ಲಿ ಕರಿಬೇವಿನ ಗಿಡಕ್ಕೂ ಹುಳಿ ಮಜ್ಜಿಗೆಯೇ. ಅವರು ಫ್ರಿಜ್ ತೆರೆದು ಮಗ ದಿನಾ ಕುಡಿಯುವ, ಲಬನ್ ಎಂಬ ಅರಬ್ಬಿ ಮಜ್ಜಿಗೆಯ ಬಾಟಲಿಯನ್ನು ಹೊರಗೆ ತೆಗೆದರು. ಇದನ್ನು ಎರಡು ದಿನ ಹೊರಗಿಟ್ಟರೆ ಹುಳಿ ಬರುತ್ತದಲ್ಲ ಎಂದರು. ವಿಜ್ಞಾನ ನನ್ನದು, ಮದ್ದು ಅವರದು. ಅದರಲ್ಲಿ ಪಾಲು ಕೇಳುವ ಹಕ್ಕು ನನಗಿಲ್ಲ.

ಮರುದಿನ ನಾವಿಬ್ಬರೂ ಸೇರಿ ಬೂದಿ ಸೇರಿದ ಮೇಲ್ಮಣ್ಣನ್ನೆಲ್ಲ ಬೇರಿಗೆ ಪೆಟ್ಟಾಗದಂತೆ ಕೆರೆದು ತೆಗೆದೆವು. ತುಂಬಲು ಏನು ಬೇಕು? ಕೊಳೆಯುವಂಥದ್ದು, ಸ್ವಲ್ಪ ಹುಳಿಯಾಗುವಂಥದ್ದು. ಮೂಲೆಯ ಕೆಫೆಟೇರಿಯಾದಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಚಹಾ ಕುದಿಯುತ್ತಿತ್ತು. ಸೋಸಿದ ಚಹಾಪುಡಿಯನ್ನು ಅವರು ಬಿಸಾಡುತ್ತಿದ್ದರು. ನಡೆಸುತ್ತಿದ್ದ ಮಲಯಾಳಿ ಯಜಮಾನನ ಹತ್ತಿರ ಅತ್ತೆ ತುಳುವಿನಲ್ಲಿ ಕೇಳಿದರು, ಆತ ಮಲಯಾಳಂನಲ್ಲಿ ಉತ್ತರಿಸಿದ, ಇಬ್ಬರಿಗೂ ತಿಳಿಯಿತು. ಅಂದಿನಿಂದ ಸಂಜೆಯಾದರೆ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಪ್ಲಾಸ್ಟಿಕ್ ಚೀಲದಲ್ಲಿ ಚಹಾಪುಡಿ ತರುವುದು ಅತ್ತೆಯ ನಿತ್ಯದ ಕೆಲಸವಾಯಿತು. ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿ ಬರುತ್ತಿದ್ದರು. ಚಹಾಪುಡಿ, ತರಕಾರಿ ಸಿಪ್ಪೆ, ಮೀನಿನ ನೀರು, ಹುಳಿಬಂದ ಲಬನ್. ದೋಹಾ ಎಸೆದದ್ದನ್ನೆಲ್ಲ ನಮ್ಮ ಬಳ್ಳಿ ತಿಂದಿತು. ಬೆಕ್ಕು ಲಬನ್‌ಗೂ ಬಂತು.

ನಾನು ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲೊಮ್ಮೆ, ಬಂದ ಮೇಲೊಮ್ಮೆ ತುದಿ ಎಲೆ ನೋಡುತ್ತಿದ್ದೆ. ಮೊದಲು ಏನೂ ಬದಲಾಗಲಿಲ್ಲ. ಅತ್ತೆ ಪೆಟ್ಟಿಗೆ ಅಟ್ಟದಿಂದ ಇಳಿಸಿದರು. ಆಮೇಲೆ ಒಂದು ಮಧ್ಯಾಹ್ನ ಹೊಸ ಚಿಗುರು ಹಸಿರಾಗಿಯೇ ಬಿಚ್ಚಿಕೊಂಡಿದ್ದನ್ನು ಕಂಡೆ. ನರ ಯಾವುದು ಎಲೆ ಯಾವುದು ತಿಳಿಯದಂಥ ಹಸಿರು. ಅಲ್ಲಿಂದ ಬಳ್ಳಿ ತಡೆಯಲಿಲ್ಲ. ಹೊರಗೆ ಬಿಸಿಲಿಗೆ ಕಾರಿನ ಬಾಗಿಲು ಮುಟ್ಟಲಾಗದಂಥ ದಿನಗಳಲ್ಲಿ ಅದು ಗೋಡೆಯ ನೆರಳಿನಲ್ಲಿ, ಎ.ಸಿ. ಮಳೆಯಲ್ಲಿ, ದಿನಕ್ಕೊಂದು ಗೆಣ್ಣು ಏರಿದಂತೆ ಏರಿ ಸರಳಿಗೆ ಸುತ್ತಿಕೊಂಡಿತು. ಅತ್ತೆ ಅದಕ್ಕೆ ಎ.ಸಿ. ಮಳೆ ಎಂದೇ ಹೆಸರಿಟ್ಟಿದ್ದರು. ಬೆಳಿಗ್ಗೆ ಎದ್ದ ಕೂಡಲೇ ಎ.ಸಿ. ಕೆಳಗಿಟ್ಟ ಬಕೆಟ್ ನೋಡಿ, ರಾತ್ರಿ ಒಳ್ಳೆಯ ಮಳೆ ಎನ್ನುತ್ತಿದ್ದರು.

ಜೂನ್ ಕೊನೆಯ ವಾರ ಬಂತು. ಬಳ್ಳಿ ಚಪ್ಪರಕ್ಕೆ ಹತ್ತಿತ್ತು, ನಿಜ. ಆದರೆ ಪದಾರ್ಥ? ಶರತ್ತಿನ ಅರ್ಧ ಭಾಗ ಬಾಕಿ ಇತ್ತು. ಕೊಯ್ದರೆ ಒಂದು ಪಾತ್ರೆಗೆ ಸಾಲುವಷ್ಟು ಎಲೆ ದಂಟು ಇದ್ದವು. ನಾನು ಚೂರಿ ಹಿಡಿದು ಹೋದಾಗ ಅತ್ತೆ ಕೈ ಅಡ್ಡ ಹಿಡಿದರು. ಈಗ ಕೊಯ್ದರೆ ಕವಲು ಒಡೆಯುವ ಮೊದಲೇ ಸೊರಗುತ್ತದೆ, ಇನ್ನೂ ಎಳೆಯದು ಎಂದರು. ಪದಾರ್ಥ ಆಗಲಿಲ್ಲ ಎಂದರೆ ಶರತ್ತು ಸೋತಂತೆ, ಕೊಯ್ದರೆ ಬಳ್ಳಿ ಹೋದಂತೆ. ನನಗೆ ತಲೆ ಕೆಟ್ಟಿತು. ನಿಮಗೆ ಹೋಗಲೇಬೇಕೆಂದಿದ್ದರೆ ಬಸಳೆಯ ನೆಪ ಯಾಕೆ, ನೇರ ಹೇಳಿ ಎಂದು ರೇಗಿದೆ. ಅವರು ಬುಡಕ್ಕೆ ಚಹಾಪುಡಿ ಹರಡುತ್ತಾ ಕುಳಿತರು.

ಮರುಸಂಜೆ ಪಕ್ಕದ ಮನೆಯಾಕೆ ಸಾಮಾನು ಕಟ್ಟುವ ವಿಷಯ ಮಾತಾಡಲು ಬಂದರು. ನಾನು ಅಡುಗೆಮನೆಯಲ್ಲಿದ್ದೆ, ಕಿವಿ ಹಿತ್ತಲಿನಲ್ಲಿತ್ತು. ಅವರಿಬ್ಬರದು ತುಳು. ನನ್ನ ತುಳು ಎಷ್ಟೇ ಕೆಟ್ಟದಾಗಿದ್ದರೂ ಅಂದು ಒಂದು ಶಬ್ದವೂ ತಪ್ಪಲಿಲ್ಲ. ತಮ್ಮ ಟಿಕೆಟ್ ರದ್ದು ಮಾಡಿಸಬೇಕು ಎಂದು ಅತ್ತೆ ಹೇಳುತ್ತಿದ್ದರು. ಪಕ್ಕದ ಮನೆಯಾಕೆ ಯಾಕೆ ಎಂದು ಕೇಳಿದರು. ಆಗ ಅತ್ತೆ, ನನಗೂ ಕೇಳಲಿ ಎಂದೋ ಏನೋ, ದನಿ ಏರಿಸಿ ಕನ್ನಡಕ್ಕೆ ತಿರುಗಿದರು.

"ನಾನು ಹೋದ್ರೆ ಇವಳು ಕೆಲಸ ಬಿಟ್ಟು ಮನೆಯಲ್ಲಿ ಕೂರುದು. ಕೂತಲ್ಲಿ ಇವಳಿಗೆ ಸಿಟ್ಟು ಬರುದು. ಆ ಸಿಟ್ಟಿನಲ್ಲಿ ಬಸಳೆಗೆ ನೀರು ಯಾರು ನೋಡುದು?"

ನಾನು ಸಿಂಕಿನ ಮುಂದೆ ನಿಂತು ನಕ್ಕೆ. ಕಣ್ಣಿನಲ್ಲಿ ನೀರೂ ಬಂತು, ಅದನ್ನೇಕೆ ಮುಚ್ಚಿಡಲಿ. ಹುಲ್ಲು, ಜಿಂಕೆ, ಹುಲಿ ಎಂದು ಸಾಲಾಗಿ ಬಾಣ ಎಳೆಯುತ್ತಿದ್ದವಳ ಮನೆಯಲ್ಲಿ ಬಾಣಗಳು ಒಂದಕ್ಕೊಂದು ಸುತ್ತಿಕೊಂಡು ಚಪ್ಪರಕ್ಕೇ ಹತ್ತಿದ್ದವು. ನನ್ನ ಕೆಲಸ ಅತ್ತೆಯ ಮೇಲೆ, ಅತ್ತೆ ಬಸಳೆಯ ಮೇಲೆ, ಬಸಳೆ ಎ.ಸಿ. ನೀರಿನ ಮೇಲೆ, ಆ ಎ.ಸಿ. ಹಗಲಿಡೀ ಓಡಬೇಕಾದರೆ ಮನೆಯಲ್ಲಿ ಮಗುವೂ ಅತ್ತೆಯೂ ಇರಬೇಕು. ಇದರಲ್ಲಿ ಯಾರು ಯಾರನ್ನು ಸಾಕುತ್ತಿದ್ದರು ಎಂದು ಹೇಳಲು ಬಾರದು. ಪರೀಕ್ಷೆಯಲ್ಲಿ ಯಾವ ಮಗುವಾದರೂ ಹೀಗೆ ಬರೆದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ.

ಪದಾರ್ಥ ಆದದ್ದು ಜುಲೈಯಲ್ಲಿ. ಅತ್ತೆ ಕಾಯಿ ಅರೆದು ಸಿಗಡಿ ಹಾಕಿ ಮಾಡಿದರು. ಮಗನಿಗೆ ಬಡಿಸಿ, ನನಗೆ ಬಡಿಸಿ, ಮೊಮ್ಮಗಳ ಬಾಯಿಗೆ ಖಾರವಿಲ್ಲದ ಮೆತ್ತಗಿನ ದಂಟು ಇಟ್ಟು, ಕೊನೆಗೆ ತಾವು ಕುಳಿತರು. ಹೇಗಿದೆ ಎಂದು ನಾವು ಕೇಳಿದ್ದಕ್ಕೆ, ಊರಿನ ಬಸಳೆಗೆ ಲೋಳೆ ಹೆಚ್ಚು ಎಂದರು. ಮೂರು ಸಲ ಬಡಿಸಿಕೊಂಡರು.

ಅಕ್ಟೋಬರ್ ಕಳೆದು ನವೆಂಬರ್ ಬಂತು. ದೋಹಾದ ಗಾಳಿ ತಣ್ಣಗಾಯಿತು. ನಾವು ಎ.ಸಿ. ನಿಲ್ಲಿಸಿದೆವು. ಬಳ್ಳಿಯೂ ಬೆಳೆಯುವುದನ್ನು ನಿಧಾನ ಮಾಡಿತು, ಅದು ಸಹಜ. ಡಿಸೆಂಬರಿನ ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದು ಬಾಗಿಲು ತೆರೆದರೆ ಮನೆ ಐಸ್ ಪೆಟ್ಟಿಗೆಯಾಗಿತ್ತು. ಅತ್ತೆ ಮಗನ ಸ್ವೆಟರ್ ತೊಟ್ಟು, ತಲೆಗೆ ಶಾಲು ಸುತ್ತಿಕೊಂಡು, ಕಂಬಳಿಯೊಳಗೆ ಮೊಮ್ಮಗಳನ್ನು ಅಪ್ಪಿಕೊಂಡು ಕುಳಿತಿದ್ದರು. ಎ.ಸಿ. ಪೂರ್ತಿ ಜೋರಿನಲ್ಲಿ ಓಡುತ್ತಿತ್ತು. ಇದೇ ಗಾಳಿಯನ್ನು ಹೆಣ ಇಡುವ ಕೋಣೆಯದ್ದು ಎಂದು ಬೈದ ಹೆಂಗಸು.

ಮಗುವಿಗೆ ಶೀತವಾಗುತ್ತದೆ ಎಂದು ನಾನು ಕೂಗಾಡಿ ಗುಂಡಿ ತಿರುಗಿಸಿದೆ. ಬಳ್ಳಿಯ ಬುಡ ಒಣಗಿದೆ, ಬೆಳಿಗ್ಗೆಯಿಂದ ಹಾಕಿ ಕೂತರೂ ಒಂದು ಹನಿ ಬೀಳಲಿಲ್ಲ, ಎ.ಸಿ. ಹಾಳಾಗಿರಬೇಕು ಎಂದರು ಅತ್ತೆ. ಹಾಳಾಗಿಲ್ಲ ಎಂದೆ. ಚಳಿಗಾಲದಲ್ಲಿ ಗಾಳಿಯಲ್ಲೇ ನೀರಿಲ್ಲ, ಎ.ಸಿ. ತಾನಾಗಿ ನೀರು ಹುಟ್ಟಿಸುವುದಿಲ್ಲ, ಗಾಳಿಯಲ್ಲಿದ್ದದ್ದನ್ನು ಹಿಂಡಿ ಕೊಡುತ್ತದೆ ಅಷ್ಟೆ. ಸೆಕೆ ಬಂದು ಗಾಳಿಯಲ್ಲಿ ಪಸೆ ತುಂಬುವವರೆಗೆ ನಲ್ಲಿಯ ನೀರು ಹಾಕೋಣ, ಬಳ್ಳಿ ಸಾಯುವುದಿಲ್ಲ ಎಂದು ಸಮಾಧಾನ ಹೇಳಿದೆ. ಅವರು ಕಂಬಳಿ ಬಿಚ್ಚಿ, ಮಗುವನ್ನು ನನ್ನ ಕೈಗೆ ಕೊಟ್ಟು, ಹಿತ್ತಲಿಗೆ ಹೋಗಿ ಬರಿದಾದ ಬಕೆಟ್ಟನ್ನು ಮಗುಚಿಟ್ಟು ಬಂದರು.

"ಹಾಗಾದ್ರೆ ಮಳೆಗಾಲಕ್ಕೆ ಇನ್ನು ಎಷ್ಟು ತಿಂಗಳು ಉಂಟು?"

ಜೂನಿಗೆ ಲೆಕ್ಕ ಹಾಕಿ ಆರು ಎಂದೆ. ಅತ್ತೆ ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದರು.

"ಅದು ಊರಿನದ್ದಲ್ವಾ. ನಾನು ಕೇಳಿದ್ದು ನಮ್ಮದು."